ಗುರಿ ಸಣ್ಣದಿರಲಿ, ನಮ್ಮದೇ ಆಗಿರಲಿ
(ಊರಿಗಾಂನಲ್ಲಿ ನಡೆದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



"ಗುರಿಗಿರಿ ಎಲ್ಲಾ ಓದಿದವರಿಗೆ ಸಿಸ್ಟರ್, ನಮಗೆ ಇವತ್ತಿನ ದಿನ ಕಳೆದರೆ ಸಾಕು" ಎಂದು ನಿಮ್ಮಲ್ಲಿ ಅನೇಕರು ಹೇಳುತ್ತೀರಿ. ಆ ಮಾತಿನ ಹಿಂದಿನ ನೋವು ನಮಗೆ ಗೊತ್ತು. ನೂರಿಪ್ಪತ್ತು ವರ್ಷ ನಡೆದ ಚಿನ್ನದ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಅಲ್ಲಿಯವರೆಗೆ ತಿಂಗಳಾದರೆ ಸಂಬಳ ಬರುತ್ತಿತ್ತು. ಆಮೇಲೆ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗಿ ರಾತ್ರಿ ಮನೆ ಸೇರುವುದೇ ಎಷ್ಟೋ ಕುಟುಂಬಗಳ ಬದುಕಾಯಿತು. ಇಂಥವರಿಗೆ "ದೊಡ್ಡ ಕನಸು ಕಾಣಿ" ಎಂದು ಹೇಳಿ ಹೋಗಲು ನಾವು ಬಂದಿಲ್ಲ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡ್ತೀವಿ. ಗಣಿ ಮುಚ್ಚಿದ ಹೊಸದರಲ್ಲಿ ನಾವು ಒಂದು ಕಡೆ ಹೊಲಿಗೆ ತರಬೇತಿ ನಡೆಸಿದೆವು. ಎಲ್ಲರೂ ಬಂದರು, ಕಲಿತರು, ಸರ್ಟಿಫಿಕೇಟ್ ಪಡೆದರು. ವರ್ಷ ಕಳೆದು ಹೋಗಿ ನೋಡಿದರೆ ಒಂದು ಮನೆಯಲ್ಲಿ ಹೊಲಿಗೆ ಮಿಷನ್ ಮೇಲೆ ಟಿವಿ ಕೂತಿತ್ತು! "ನೀವು ಕರೆದಿರಿ, ಬಂದೆ. ನನಗೆ ಬೇಕಾಗಿದ್ದದ್ದು ಇಡ್ಲಿ ಮಾರೋಕೆ ಒಂದು ತಳ್ಳುಗಾಡಿ ಸಿಸ್ಟರ್" ಎಂದರು ಆ ತಾಯಿ. ನಾವು ಕೇಳಿಯೇ ಇರಲಿಲ್ಲ. ಗುರಿ ನಮ್ಮದಾಗಿತ್ತು, ಅವರದ್ದಾಗಿರಲಿಲ್ಲ.

ಅವರು ಕೈಸಾಲ ಮಾಡಿ ಗಾಡಿ ಹಾಕಿದರು. ವ್ಯಾಪಾರ ಚೆನ್ನಾಗಿಯೇ ಇತ್ತು, ಆದರೂ ಕೈಯಲ್ಲಿ ಕಾಸು ನಿಲ್ಲುತ್ತಿರಲಿಲ್ಲ. ದಿನಾ ರಾತ್ರಿ ಮಗಳ ಹಳೇ ನೋಟ್‌ಬುಕ್ಕಿನಲ್ಲಿ ಮೂರೇ ಸಾಲು ಬರೆಯಿರಿ ಎಂದೆವು: ಬಂದದ್ದು, ಖರ್ಚಾದದ್ದು, ಉಳಿದದ್ದು. ಒಂದು ತಿಂಗಳಾದ ಮೇಲೆ ಅವರೇ ಕಂಡುಕೊಂಡರು, ದುಡಿಮೆಯನ್ನು ಬಡ್ಡಿ ತಿನ್ನುತ್ತಿತ್ತು. ನೂರಕ್ಕೆ ತಿಂಗಳಿಗೆ 10 ರೂಪಾಯಿ ಬಡ್ಡಿ ಎಂದರೆ 10,000ಕ್ಕೆ 1,000 ಆಯಿತು. ಸಂಘದಲ್ಲಿ ನೂರಕ್ಕೆ 2ರಂತೆ ಅದು 200 ಮಾತ್ರ. ಸಂಘದಿಂದ ಸಾಲ ಪಡೆದು ಬಡ್ಡಿಯವನ ಲೆಕ್ಕ ಮುಗಿಸಿದರು. ಯುಗಾದಿಯೊಳಗೆ ಸಂಘದ ಸಾಲವನ್ನೂ ತೀರಿಸಬೇಕು ಎಂದು ಗುರಿ ಇಟ್ಟರು. ಆಗಲಿಲ್ಲ. ಕಾಯಿಲೆ ಬಿದ್ದು ಗಾಡಿ ನಿಂತಿತು. ಆದರೆ ಬರೆಯುವುದನ್ನು ಬಿಡಲಿಲ್ಲ, ವಾರದ ಸಭೆಯನ್ನೂ ತಪ್ಪಿಸಲಿಲ್ಲ. ಗೌರಿ ಹಬ್ಬದ ಹೊತ್ತಿಗೆ ಸಾಲ ತೀರಿತು.

ಹಾಗಾಗಿ ಗುರಿ ಇಡುವಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ನನಗೆ ಏನು ಬೇಕು? ಅದಕ್ಕೆ ಎಷ್ಟು ಬೇಕು? ಯಾವಾಗಿನೊಳಗೆ ಬೇಕು? ಆಮೇಲೆ ಅದಕ್ಕಾಗಿ ದಿನಾ ಮಾಡುವ ಒಂದೇ ಒಂದು ಸಣ್ಣ ಕೆಲಸ ಹಿಡಿಯಿರಿ. ದಿನಕ್ಕೆ 10 ರೂಪಾಯಿ ತೆಗೆದಿಟ್ಟರೆ ವರ್ಷಕ್ಕೆ 3,650. ಇಪ್ಪತ್ತು ಜನರ ಸಂಘಕ್ಕೆ 73,000! ಒಂದು ದಿನ ತಪ್ಪಿದರೆ ಎಲ್ಲಾ ಹಾಳಾಯಿತು ಅಂದುಕೊಳ್ಳಬೇಡಿ. ಮರುದಿನ ಮತ್ತೆ ಶುರು ಮಾಡಿ.

ಎಲ್ಲ ಕಷ್ಟವೂ ನಮ್ಮ ಸೋಮಾರಿತನದಿಂದ ಬಂದದ್ದಲ್ಲ. ಗಣಿ ಮುಚ್ಚಿದ್ದು ನಿಮ್ಮ ತಪ್ಪಲ್ಲ. ಗಂಡ ಕುಡಿಯುವುದೂ ನಿಮ್ಮ ತಪ್ಪಲ್ಲ. ಒಬ್ಬರಿಂದ ಆಗದ್ದಕ್ಕೇ ಸಂಘ ಇರುವುದು. ನಬಾರ್ಡ್ 1992ರಲ್ಲಿ ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸುವ ಕಾರ್ಯಕ್ರಮ ಆರಂಭಿಸಿತು. ಆ ದಿನಗಳಲ್ಲಿ ದೇಶದಲ್ಲೇ ಮೊದಮೊದಲು ಸಾಲ ಪಡೆದ ಸಂಘಗಳಲ್ಲಿ ನಮ್ಮ ಬಂಗಾರಪೇಟೆ ಕಡೆಯ ಹೆಂಗಸರ ಸಂಘಗಳೂ ಇದ್ದವು. ಅವರ ಕೈಯಲ್ಲಿದ್ದದ್ದು ವಾರದ ಉಳಿತಾಯ ಮತ್ತು ಸರಿಯಾಗಿ ಬರೆದ ಪುಸ್ತಕ, ಅಷ್ಟೇ.

ಗಣಿಯ ಕೊನೆಯ ವರ್ಷಗಳಲ್ಲಿ ಒಂದು ಟನ್ ಕಲ್ಲು ಅರೆದರೆ ಸಿಗುತ್ತಿದ್ದದ್ದು ಕೆಲವೇ ಗ್ರಾಂ ಚಿನ್ನ. ಇದು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿದ್ದ ವಿಷಯ. ದಿನದ ದುಡಿಮೆಯೂ ಹಾಗೆಯೇ.

ಮುಂದಿನ ವಾರ ಬರುವಾಗ ಪ್ರತಿಯೊಬ್ಬರೂ ನಿಮ್ಮ ಗುರಿಯನ್ನು ಒಂದೇ ಸಾಲಿನಲ್ಲಿ ಬರೆದು ತನ್ನಿ. ಬರೆಯಲು ಬಾರದವರು ಹೇಳಿ, ನಾವು ಬರೆದುಕೊಡ್ತೀವಿ. ಈ ಸಲ ನಾವು ಮೊದಲು ಕೇಳಿಸಿಕೊಳ್ಳುತ್ತೇವೆ.