ಅಲಮೇಲುವನ್ನು ಯಾರೂ ಕೇಳಲಿಲ್ಲ

(ಅಪ್ಸರಕೊಂಡದಲ್ಲಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತು)



ಅಪ್ಸರೆಯರು ಇಳಿದು ಬಂದು ಮೀಯುತ್ತಿದ್ದ ಕೊಂಡ ಇದು ಎನ್ನುತ್ತಾರೆ. ಅವರು ನಿಶ್ಚಿಂತೆಯಿಂದ ಮಿಂದು ಹೋದರಂತೆ. ನಮ್ಮ ಹೆಣ್ಣುಮಕ್ಕಳು ಅಷ್ಟೇ ನಿಶ್ಚಿಂತೆಯಿಂದ ಕಾಲೇಜಿಗೆ ಹೋಗಿ ಬರುತ್ತಾರೆಯೇ? ಹಿಂದೆ ಬಿದ್ದವನನ್ನು ಬಿಟ್ಟು "ಇವಳೇ ನಕ್ಕಿರಬೇಕು" ಎನ್ನುವವರು ನಮ್ಮಲ್ಲೇ ಇದ್ದೇವೆ. ಅದಕ್ಕೇ ನಾವೆಲ್ಲ ನೋಡಿರುವ ಒಂದು ಸಿನಿಮಾದ ಮಾತು ಎತ್ತುತ್ತಿದ್ದೇನೆ.

ಪುಟ್ಟಣ್ಣ ಕಣಗಾಲರ 'ನಾಗರಹಾವು', 1972ರದು. ತ.ರಾ.ಸು. ಅವರ ಕಾದಂಬರಿಗಳಿಂದ ತೆಗೆದದ್ದು. ಚಿತ್ರದುರ್ಗದ ಸಿಟ್ಟಿನ ಹುಡುಗ ರಾಮಾಚಾರಿಯ ಪ್ರೇಮ, ಹಠ, ಕೊನೆಗೆ ಬೆಟ್ಟದ ಮೇಲಿಂದ ಹಾರಿ ಸಾವು. ವಿಷ್ಣುವರ್ಧನರನ್ನು ನೋಡಿ ನಾನೂ ಅತ್ತಿದ್ದೇನೆ, ಸುಳ್ಳು ಹೇಳುವುದಿಲ್ಲ. ಆದರೆ ಈಚೆಗೆ ಟಿ.ವಿ.ಯಲ್ಲಿ ಮತ್ತೆ ನೋಡುವಾಗ ಕಣ್ಣು ಅಲಮೇಲುವಿನ ಮೇಲೆ ನಿಂತಿತು.

ಜಲೀಲ ಅವಳನ್ನು ಕಾಡುತ್ತಾನೆ. ಅಣ್ಣ ವರದ ಏನು ಮಾಡುತ್ತಾನೆ? ಈ ಕಾಟ ತಪ್ಪಿಸಿದರೆ ತಂಗಿಯನ್ನು ನಿನಗೇ ಕೊಡಿಸುತ್ತೇನೆ ಎಂದು ರಾಮಾಚಾರಿಗೆ ಮಾತು ಕೊಡುತ್ತಾನೆ. ಹೊಡೆದಾಟಕ್ಕೆ ಕೂಲಿ ಒಬ್ಬ ಹುಡುಗಿ! ಆಮೇಲೆ ಇಬ್ಬರಿಗೂ ಪ್ರೀತಿ ಹುಟ್ಟುತ್ತದೆ, ನಿಜ. ಜಾತಿ ಅಡ್ಡ ಬಂದಾಗ ವರದ ಮಾತು ತಪ್ಪುತ್ತಾನೆ. ಚಾಮಯ್ಯ ಮೇಷ್ಟ್ರು ರಾಮಾಚಾರಿಯನ್ನು ತ್ಯಾಗಕ್ಕೆ ಒಪ್ಪಿಸುತ್ತಾರೆ. ತ್ಯಾಗ ಅವನದು, ಬಿಟ್ಟುಕೊಟ್ಟದ್ದು ಅವಳನ್ನು! ಅವಳನ್ನು ಯಾರಾದರೂ ಕೂರಿಸಿ ಕೇಳಿದರೇ? ಮನೆಯವರು ಕೊಟ್ಟ ಗಂಡನೇ ಅವಳನ್ನು ಮೈ ಮಾರುವ ದಂಧೆಗೆ ನೂಕುತ್ತಾನೆ. ಆಗಲೂ ನಾವು ಅತ್ತದ್ದು ರಾಮಾಚಾರಿಗಾಗಿ.

ನಮ್ಮ ಕಡೆ ಇಂಥ ಸುದ್ದಿ ಬಂದರೆ ಮೊದಲು ಹುಡುಗನ ಧರ್ಮ ಕೇಳುವವರಿದ್ದಾರೆ. ಅವರಿಗೊಂದು ಮಾತು: ಅಲಮೇಲುವಿನ ಬಾಳು ಕೆಡಿಸಿದ್ದು ಜಲೀಲನಲ್ಲ, ಹುಡುಕಿ ತಂದ ಸಂಬಂಧ.

ಜಲೀಲನ 'ಬುಲ್‌ಬುಲ್' ಮಾತಿಗೆ ಎಷ್ಟು ಚಪ್ಪಾಳೆ ಬಿತ್ತೆಂದರೆ, 2013ರಲ್ಲಿ ಅದೇ ಹೆಸರಿನ ಸಿನಿಮಾ ಬಂತು. ಅದೇ ವರ್ಷ, ಹೆಣ್ಣು ಬೇಡವೆಂದರೂ ಮತ್ತೆ ಮತ್ತೆ ಹಿಂಬಾಲಿಸುವುದು ಅಪರಾಧವೆಂದು ಕಾನೂನಾಯಿತು. ದೇಶದ ತುಂಬ ಹೆಂಗಸರು ಬೀದಿಗಿಳಿದದ್ದರಿಂದ ಬಂದ ಕಾನೂನು ಅದು. 2024ರ ಜುಲೈಯಿಂದ ಅದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮು. ಮೊದಲ ಸಲ 3 ವರ್ಷದವರೆಗೆ, ಮತ್ತೆ ಮಾಡಿದರೆ 5 ವರ್ಷದವರೆಗೆ ಸಜೆ. ಫೋನಿನಲ್ಲಿ ಕಾಡುವುದೂ ಇದರಲ್ಲೇ ಬರುತ್ತದೆ. ಠಾಣೆಗೆ ಹೋಗಲು ಹೆದರಿಕೆಯಾದರೆ ನಾಲ್ಕು ಜನ ಕೂಡಿ ಹೋಗಿ. 112ಕ್ಕೋ 181ಕ್ಕೋ ಫೋನು ಮಾಡಿ.

ನಾವು ಮಾಡುವುದೇನು? ಹುಡುಗ ಹಿಂದೆ ಬಿದ್ದನೆಂದು ತಿಳಿದೊಡನೆ ಮಗಳ ಕಾಲೇಜು ಬಿಡಿಸುತ್ತೇವೆ. ಸಿಕ್ಕಿದವನಿಗೆ, ಕೇಳಿದಷ್ಟು ಬಂಗಾರ ಹಾಕಿ ಕೊಡುತ್ತೇವೆ. ಅವಸರದ ಮದುವೆಯಲ್ಲಿ ಚೌಕಾಶಿಗೂ ಬಾಯಿ ಬರುವುದಿಲ್ಲ. ಆ ಬಂಗಾರಕ್ಕೆ ಸಂಘದಿಂದಲೇ ಸಾಲ ಎತ್ತಿದ್ದುಂಟು. ಪುಸ್ತಕದಲ್ಲಿ 'ಮನೆ ರಿಪೇರಿ' ಎಂದಿರುತ್ತದೆ. ಇನ್ನು ಮುಂದೆ ಅಂಥ ಅರ್ಜಿ ಬಂದರೆ ಸಹಿ ಹಾಕುವ ಮೊದಲು ಮಗಳನ್ನೂ ಸಭೆಗೆ ಕರೆಸಿ. ಅವಳೇನು ಹೇಳುತ್ತಾಳೋ ಕೇಳೋಣ.