ಅಂತರ್ಜಾಲದ ಸುಂಕದಕಟ್ಟೆ

(ಉಪನ್ಯಾಸದ ಬರಹರೂಪ)



ವ್ಯಾಪಾರಕ್ಕೆ ತಡೆ ಎಂದರೇನು ಎಂಬುದನ್ನು ಪುತ್ತೂರು, ಸುಳ್ಯ, ಕಡಬದ ಅಡಿಕೆ ಬೆಳೆಗಾರರಿಗೆ ಯಾರೂ ವಿವರಿಸಬೇಕಾಗಿಲ್ಲ. ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಯ ಹೊರದೇಶದ ಅಡಿಕೆ ಭಾರತದೊಳಕ್ಕೆ ಬರಕೂಡದೆಂದು ಕೇಂದ್ರ ಸರ್ಕಾರ 2023ರ ಫೆಬ್ರುವರಿಯಲ್ಲಿ ಅಧಿಸೂಚನೆ ಹೊರಡಿಸಿತು. ಅದಕ್ಕೆ ಮುಂಚೆ ಈ ಮಿತಿ 251 ರೂಪಾಯಿ ಇತ್ತು. ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು 2022ರಲ್ಲಿ ಈ ಮಿತಿಯಿಂದ ವಿನಾಯಿತಿ ಕೊಟ್ಟಾಗ ಬೆಳೆಗಾರರು ವಿರೋಧಿಸಿದರು. ಇದು ಗೋಡೆಯೇ ಸರಿ. ಆದರೆ ಅದರ ಎತ್ತರವೆಷ್ಟು, ಕಟ್ಟಿದವರು ಯಾರು, ಬಾಗಿಲು ಎಲ್ಲಿದೆ ಎಂಬುದೆಲ್ಲ ರಾಜಪತ್ರದಲ್ಲಿ ಅಚ್ಚಾಗಿದೆ. ಬೇಕೆನ್ನುವವರೂ ಬೇಡವೆನ್ನುವವರೂ ಅದನ್ನು ಓದಿ ವಾದಿಸಬಹುದು.

ಇನ್ನೊಂದು ಬಗೆಯ ಗೋಡೆಯಿದೆ. ಒಂದು ದೇಶ ತನ್ನ ಜನರಿಗೆ ಕಾಣದಂತೆ ಜಾಲತಾಣವೊಂದನ್ನು ಮುಚ್ಚಿಸುತ್ತದೆ. ಕಾರಣ ಕೇಳಿದರೆ ಸಿಗುವ ಉತ್ತರ ಸಭ್ಯತೆ, ಶಾಂತಿ, ಭದ್ರತೆ. ಆದರೆ ಆ ತಾಣದಲ್ಲಿ ಮಾತಿನ ಜತೆಗೆ ಜಾಹೀರಾತು, ಮಾರಾಟ, ಹಣಪಾವತಿಯೂ ನಡೆಯುತ್ತಿರುತ್ತವೆ. ಮಾತಿಗೆ ಹಾಕಿದ ಕಡಿವಾಣ ಹಾಗಾದರೆ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ತಡೆಯಾಗುತ್ತದೆಯೇ?

ಸರಕನ್ನು ನಿಷೇಧಿಸದೆಯೂ ವ್ಯಾಪಾರವನ್ನು ಹಿಡಿತದಲ್ಲಿಡಬಹುದು ಎಂಬುದಕ್ಕೆ ಈ ಸೀಮೆಯ ಇತಿಹಾಸವೇ ಸಾಕ್ಷಿ. 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡ ಈಸ್ಟ್ ಇಂಡಿಯಾ ಕಂಪನಿ, ಅದುವರೆಗೆ ಕೊಡಗಿನ ಅರಸರ ಆಳ್ವಿಕೆಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಧಾನ್ಯದ ರೂಪದಲ್ಲಿ ಕಂದಾಯ ಸಲ್ಲಿಸುತ್ತಿದ್ದ ರೈತರು ನಗದು ತೆರಬೇಕಾಯಿತು. ಉಪ್ಪು, ತಂಬಾಕಿನ ವ್ಯಾಪಾರದಲ್ಲಿ ಕಂಪನಿಯ ಏಕಸ್ವಾಮ್ಯವಿತ್ತು. ಉಪ್ಪು ಸಿಗುತ್ತಿತ್ತು, ಅದನ್ನು ಮಾರುವ ಹಕ್ಕು ಎಲ್ಲರಿಗೂ ಇರಲಿಲ್ಲ. ಇಂಥ ಅಸಮಾಧಾನಗಳೂ ಸೇರಿ ಹೊತ್ತಿಕೊಂಡ 1837ರ ದಂಗೆಯಲ್ಲಿ ಬಂಡಾಯಗಾರರು ಬೆಳ್ಳಾರೆಯ ಖಜಾನೆಯನ್ನು ಹಿಡಿದು, ಮಂಗಳೂರಿನವರೆಗೂ ನುಗ್ಗಿದರು.

ಯಾರು ಮಾರಬಹುದು ಎಂಬ ಇದೇ ಪ್ರಶ್ನೆ 2007ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಯ ಮುಂದೆ ಬಂತು. ಹೊರದೇಶದ ಪುಸ್ತಕ, ಚಲನಚಿತ್ರ, ಧ್ವನಿಮುದ್ರಿಕೆಗಳನ್ನು ಆಮದು ಮಾಡಿಕೊಳ್ಳುವ ಹಕ್ಕನ್ನು ಚೀನಾ ತನ್ನ ಸರ್ಕಾರಿ ಸಂಸ್ಥೆಗಳಿಗಷ್ಟೇ ಮೀಸಲಿಟ್ಟಿದೆ ಎಂಬುದು ಅಮೆರಿಕದ ದೂರು. ಸಾರ್ವಜನಿಕ ನೈತಿಕತೆಯನ್ನು ಕಾಪಾಡಲು ಇದು ಅಗತ್ಯ ಎಂದು ಚೀನಾ ವಾದಿಸಿತು. 2009ರ ಡಿಸೆಂಬರಿನಲ್ಲಿ ಮೇಲ್ಮನವಿ ಮಂಡಳಿ ಕೊಟ್ಟ ತೀರ್ಪು ಚೀನಾದ ವಿರುದ್ಧ ಹೋಯಿತು. ಹೊತ್ತಗೆಯನ್ನು ಪರಿಶೀಲಿಸುವ ಅಧಿಕಾರವನ್ನು ಆ ತೀರ್ಪು ಕಿತ್ತುಕೊಳ್ಳಲಿಲ್ಲ. ಪರಿಶೀಲನೆಯ ನೆಪದಲ್ಲಿ ವ್ಯಾಪಾರವನ್ನು ಕೆಲವರ ಕೈಗೆ ಒಪ್ಪಿಸುವ ಅಗತ್ಯ ಸಾಬೀತಾಗಿಲ್ಲ ಎಂದಿತು.

ಅಂತರ್ಜಾಲಕ್ಕೆ ಇನ್ನೂ ಹತ್ತಿರದ ಪ್ರಕರಣ ಆಂಟಿಗುವಾ ಮತ್ತು ಬರ್ಬುಡಾ ಎಂಬ ಪುಟ್ಟ ದ್ವೀಪರಾಷ್ಟ್ರದ್ದು. ಅಲ್ಲಿನ ಕಂಪನಿಗಳು ಅಂತರ್ಜಾಲದ ಮೂಲಕ ಅಮೆರಿಕದ ಗ್ರಾಹಕರಿಗೆ ಜೂಜಾಟದ ಸೇವೆ ಒದಗಿಸುತ್ತಿದ್ದವು. ಅಮೆರಿಕ ಅದನ್ನು ನಿಷೇಧಿಸಿದಾಗ ಆಂಟಿಗುವಾ 2003ರಲ್ಲಿ ದೂರು ಕೊಟ್ಟಿತು. ಸೇವಾ ವ್ಯಾಪಾರದ ಒಪ್ಪಂದದಲ್ಲಿ ಬಾಗಿಲು ತೆರೆಯುವುದಾಗಿ ಮಾತು ಕೊಟ್ಟ ದೇಶ ಪೂರ್ಣ ನಿಷೇಧ ಹೇರಿದರೆ, ಆಮದಿನ ಪಾಲನ್ನು ಸೊನ್ನೆ ಎಂದು ನಿಗದಿ ಮಾಡಿದಂತೆಯೇ ಆಗುತ್ತದೆ ಎಂದು 2005ರ ಮೇಲ್ಮನವಿ ತೀರ್ಪು ಹೇಳಿತು. ನೈತಿಕತೆಯ ಕಾರಣವನ್ನು ಅದು ತಳ್ಳಿಹಾಕಲಿಲ್ಲ. ಆದರೆ ಕುದುರೆಜೂಜಿನ ವಿಷಯದಲ್ಲಿ ದೇಶದೊಳಗಿನವರಿಗೂ ಹೊರಗಿನವರಿಗೂ ಒಂದೇ ನಿಯಮವಿದೆ ಎಂದು ತೋರಿಸಲು ಅಮೆರಿಕಕ್ಕೆ ಆಗಲಿಲ್ಲ. ಹೊರಗಿನವರು ಮಾಡಿದರೆ ಪಾಪ, ಒಳಗಿನವರು ಮಾಡಿದರೆ ಉದ್ಯೋಗ ಎನ್ನುವುದಾದರೆ ಅಲ್ಲಿ ನೀತಿಗಿಂತ ವ್ಯಾಪಾರವೇ ಮುಖ್ಯವಾಗಿರುತ್ತದೆ.

ಗೂಗಲ್ ಸಂಸ್ಥೆ 2010ರಲ್ಲಿ ಚೀನಾದ ಮುಖ್ಯಭೂಮಿಯಿಂದ ತನ್ನ ಹುಡುಕಾಟ ಸೇವೆಯನ್ನು ಹಿಂತೆಗೆದುಕೊಂಡ ಬಳಿಕ ಈ ವಿಚಾರ ಕಾವೇರಿತು. ಅಮೆರಿಕದ ಜಾಲತಾಣಗಳನ್ನು ಯಾವ ನಿಯಮದಡಿ ಮುಚ್ಚಲಾಗುತ್ತಿದೆ ಎಂದು 2011ರಲ್ಲಿ ಅಮೆರಿಕ ಚೀನಾವನ್ನು ವಿಧಿವತ್ತಾಗಿ ಕೇಳಿತು. 2016ರಲ್ಲಿ ಚೀನಾದ ಅಂತರ್ಜಾಲ ಗೋಡೆಯನ್ನು ತನ್ನ ವಾರ್ಷಿಕ ವರದಿಯಲ್ಲಿ ವ್ಯಾಪಾರದ ತಡೆಗಳ ಸಾಲಿಗೆ ಸೇರಿಸಿತು. ಆದರೂ ಜಾಲತಾಣ ಮುಚ್ಚುವುದರ ಬಗ್ಗೆ ವಿಶ್ವ ವ್ಯಾಪಾರ ಸಂಸ್ಥೆಯ ನೇರ ತೀರ್ಪು ಈವರೆಗೆ ಬಂದಿಲ್ಲ. ದೂರು ಕೊಡುವವರ ಮನೆಯಲ್ಲೂ ಒಂದಲ್ಲ ಒಂದು ಗೋಡೆ ಇರುತ್ತದೆ ಎಂಬುದು ಇದಕ್ಕೆ ಒಂದು ಕಾರಣವಿರಬಹುದು.

ಭಾರತವೂ ಇದಕ್ಕೆ ಹೊರತಾಗಿಲ್ಲ. 2020ರ ಜೂನ್ 29ರಂದು ದೇಶದ ಸಾರ್ವಭೌಮತೆ, ಭದ್ರತೆಯ ಕಾರಣ ಕೊಟ್ಟು ಟಿಕ್‌ಟಾಕ್ ಸೇರಿ 59 ಚೀನೀ ಆ್ಯಪ್‌ಗಳನ್ನು ಕೇಂದ್ರ ನಿಷೇಧಿಸಿತು. ಗಡಿಯಲ್ಲಿ ಸೈನಿಕರು ಪ್ರಾಣ ತೆತ್ತ ಕಾಲವದು. ಇದು ವಿಶ್ವ ವ್ಯಾಪಾರದ ನಿಯಮಗಳಿಗೆ ವಿರುದ್ಧವಿರಬಹುದೆಂದು ಚೀನಾ ಆಕ್ಷೇಪಿಸಿತು. ತನ್ನ ದೇಶದಲ್ಲಿ ಹೊರಗಿನವರ ತಾಣಗಳನ್ನು ಮುಚ್ಚಿದ ಚೀನಾ ಈ ಮಾತು ಹೇಳಿದ್ದು ವಿಚಿತ್ರವೇ. ಇತ್ತ ಬೆಂಗಳೂರಿನ ಶೇರ್‌ಚಾಟ್ ಸಂಸ್ಥೆ ಕೆಲವೇ ದಿನಗಳಲ್ಲಿ ‘ಮೋಜ್’ ಎಂಬ ವಿಡಿಯೋ ಆ್ಯಪ್ ಹೊರತಂದಿತು. ನಿಷೇಧದ ಉದ್ದೇಶ ಭದ್ರತೆಯೇ ಆಗಿದ್ದರೂ ಅದರ ಫಲ ಮಾರುಕಟ್ಟೆಯಲ್ಲಿ ಕಾಣಿಸಿಕೊಂಡಿತು.

ದೇಶದೊಳಗೇ ಅಂತರ್ಜಾಲ ನಿಂತರೆ ಏನಾಗುತ್ತದೆಂಬುದೂ ಈ ಜಿಲ್ಲೆಗೆ ಗೊತ್ತು. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ನಡೆದ ಪ್ರತಿಭಟನೆ, ಗೋಲಿಬಾರ್‌ನ ಬಳಿಕ ಆ ರಾತ್ರಿಯಿಂದ 48 ಗಂಟೆ ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್‌ನೆಟ್ ಸ್ಥಗಿತಗೊಂಡಿತು. ಅಡಿಕೆ ಧಾರಣೆ ಮೊಬೈಲಿನಲ್ಲಿ ಬರುವ ಕಾಲವಿದು. ಸುಳ್ಯದ ರಬ್ಬರ್ ಬೆಳೆಗಾರ ನೋಡುವ ಕೊಟ್ಟಾಯಂ, ಬ್ಯಾಂಕಾಕ್ ಬೆಲೆಗಳೂ ಅದೇ ದಾರಿಯಲ್ಲಿ ಬರುತ್ತವೆ. ಗಲಭೆ ಹಬ್ಬದಂತೆ ತಡೆಯುವುದು ಸರ್ಕಾರದ ಕರ್ತವ್ಯ, ನಿಜ. ಆದರೆ ದಾರಿ ಮುಚ್ಚಿದಾಗ ಅದು ಗಲಭೆಯವನನ್ನೂ ಗಾಡಿಯವನನ್ನೂ ಒಟ್ಟಿಗೇ ನಿಲ್ಲಿಸುತ್ತದೆ.

ಇದಾಗಿ ಸುಮಾರು ಮೂರು ವಾರಕ್ಕೆ, 2020ರ ಜನವರಿ 10ರಂದು, ಕಾಶ್ಮೀರದ ಅಂತರ್ಜಾಲ ಸ್ಥಗಿತದ ಬಗ್ಗೆ ಅನುರಾಧಾ ಭಾಸಿನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಅಂತರ್ಜಾಲದ ಮೂಲಕ ಮಾತನಾಡುವ ಸ್ವಾತಂತ್ರ್ಯಕ್ಕೂ ವ್ಯಾಪಾರ ಮಾಡುವ ಸ್ವಾತಂತ್ರ್ಯಕ್ಕೂ ಸಂವಿಧಾನದ 19ನೇ ವಿಧಿಯ ರಕ್ಷಣೆಯಿದೆ; ಅನಿರ್ದಿಷ್ಟ ಕಾಲ ಸ್ಥಗಿತಗೊಳಿಸುವಂತಿಲ್ಲ; ಆದೇಶಗಳನ್ನು ಪ್ರಕಟಿಸಬೇಕು ಎಂದಿತು. ಮಾತು ಮತ್ತು ವ್ಯಾಪಾರ ಒಂದೇ ತಂತಿಯಲ್ಲಿ ಹರಿಯುತ್ತವೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಮನ್ನಣೆ ಬೇಕಿಲ್ಲ.

ಜಾಲತಾಣ ಮುಚ್ಚಿಸುವ ಕಥೆ ಬೇರೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ವಿಧಿಯ ಕೆಳಗೆ 2009ರಲ್ಲಿ ಬಂದ ನಿಯಮಗಳಲ್ಲಿ 16ನೆಯದು, ಕೋರಿಕೆಯನ್ನೂ ಅದರ ಮೇಲಿನ ಕ್ರಮವನ್ನೂ ಗೋಪ್ಯವಾಗಿಡಬೇಕೆನ್ನುತ್ತದೆ. ಹೊರದೇಶದ ಕಂಪನಿಗೆ 19ನೇ ವಿಧಿಯ ಆಶ್ರಯವೂ ಇಲ್ಲ; ಅದು ಭಾರತದ ಪ್ರಜೆಗಳಿಗೆ ಮೀಸಲು ಎಂದು ಕರ್ನಾಟಕ ಹೈಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ಎಕ್ಸ್ ಕಂಪನಿಯ ಅರ್ಜಿಯನ್ನು ವಜಾ ಮಾಡುವಾಗ ಹೇಳಿತು. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದೆಂಬ ಗಾದೆಯಿದೆ. ಆದರೆ ಹಳೆಯ ಸುಂಕದಕಟ್ಟೆ ಕಣ್ಣಿಗಾದರೂ ಕಾಣುತ್ತಿತ್ತು.

ಹಾಗಾದರೆ ಉತ್ತರವೇನು? ಪರಿಣಾಮದಲ್ಲಿ ಅಂತರ್ಜಾಲದ ನಿರ್ಬಂಧ ವ್ಯಾಪಾರಕ್ಕೆ ತಡೆಯೇ. ಆ ತಡೆ ನ್ಯಾಯವೋ ಅನ್ಯಾಯವೋ ಎಂದು ತೂಗಲು ಮೂರು ಪ್ರಶ್ನೆ ಕೇಳಬೇಕು. ಒಳಗಿನವರಿಗೂ ಹೊರಗಿನವರಿಗೂ ನಿಯಮ ಒಂದೇ ಇದೆಯೇ? ಹೇಳಿದ ಉದ್ದೇಶಕ್ಕೆ ಬೇಕಾದಷ್ಟೇ ಮುಚ್ಚಲಾಗಿದೆಯೇ? ಆದೇಶ ಓದಲು ಸಿಗುತ್ತದೆಯೇ? ಸೇವಾ ವ್ಯಾಪಾರದ ಒಪ್ಪಂದ ಭದ್ರತೆಗೆ ವಿನಾಯಿತಿ ಕೊಟ್ಟಿದೆ, ಕೊಡಲೂ ಬೇಕು. ಆದರೆ ನಿಯಮಗಳನ್ನು ಪ್ರಕಟಿಸಬೇಕೆಂದೂ ಅದೇ ಒಪ್ಪಂದ ಹೇಳುತ್ತದೆ.

ಈ ಮೂರರಲ್ಲಿ ಕೊನೆಯದೇ ಹೆಚ್ಚಿನದು. ಆದೇಶ ಕೈಗೆ ಸಿಗದಿದ್ದರೆ ಮೊದಲಿನ ಎರಡು ಪ್ರಶ್ನೆಗಳನ್ನು ಕೇಳುವುದೇ ಸಾಧ್ಯವಿಲ್ಲ. 251 ರೂಪಾಯಿ ಸಾಲದು ಎಂದು ಬೆಳೆಗಾರ ಕೇಳಲು ಸಾಧ್ಯವಾದದ್ದು, ಆ ಅಂಕಿ ಅಚ್ಚಿನಲ್ಲಿದ್ದುದರಿಂದ.