ಅದಿರಿನ ಲೆಕ್ಕ, ಪರೀಕ್ಷೆಯ ಲೆಕ್ಕ

ಪದವಿ ತರಗತಿಯ ರಸಾಯನಶಾಸ್ತ್ರ ಪರೀಕ್ಷೆ ಹತ್ತಿರ ಬಂತೆಂದರೆ ಮಕ್ಕಳು ನೋಟ್ಸ್ ಹಿಡಿದು ಸಮೀಕರಣಗಳನ್ನು ಉರು ಹೊಡೆಯಲು ಕೂರುತ್ತಾರೆ. ಪ್ರಶ್ನೆಯನ್ನು ಒಂದಿಷ್ಟು ತಿರುಗಿಸಿ ಕೇಳಿದರೆ ಸಾಕು, ಪೆನ್ನು ನಿಂತುಬಿಡುತ್ತದೆ. ಯಾಕೆ ಹೀಗೆ? ನಮ್ಮ ದೋಣಿಮಲೈ ಗಣಿಯ ಕಬ್ಬಿಣದ ಅದಿರನ್ನೇ ಇಟ್ಟುಕೊಂಡು ನೋಡೋಣ.

1977ರಲ್ಲಿ ಗಣಿ ಕಂಪನಿಯಾದ ಎನ್‌ಎಂಡಿಸಿ ಇಲ್ಲಿ ಗಣಿ ಶುರುಮಾಡಿದ್ದು ಹೆಮಟೈಟ್ ಎಂಬ ಅದಿರಿಗಾಗಿ. ಅದರ ಸೂತ್ರದಲ್ಲಿ ಎರಡು ಕಬ್ಬಿಣ, ಮೂರು ಆಮ್ಲಜನಕ. ಕಬ್ಬಿಣದ ಪರಮಾಣು ತೂಕ 56, ಎರಡಕ್ಕೆ 112. ಆಮ್ಲಜನಕದ್ದು 16, ಮೂರಕ್ಕೆ 48. ಒಟ್ಟು 160. ಅಂದರೆ ಶುದ್ಧ ಹೆಮಟೈಟ್‌ನಲ್ಲಿ ಕಬ್ಬಿಣ ಶೇ 70. ಇಷ್ಟು ಎಲ್ಲರಿಗೂ ಬರುತ್ತದೆ. ಈಗ ಪ್ರಶ್ನೆ ತಿರುಗಿಸೋಣ: ಒಂದು ಅದಿರಿನಲ್ಲಿ ಶೇ 63 ಕಬ್ಬಿಣವಿದೆ, ಅದೆಲ್ಲ ಹೆಮಟೈಟ್‌ನದೇ. ಹಾಗಾದರೆ ಹೆಮಟೈಟ್ ಎಷ್ಟು? 63ನ್ನು 70ರಿಂದ ಭಾಗಿಸಿ, ಶೇ 90. ಉರು ಹೊಡೆದವರು ತಡವರಿಸುವುದು ಇಲ್ಲೇ.

ಪ್ರಾಯೋಗಿಕ ಪರೀಕ್ಷೆಯಲ್ಲೂ ಇದೇ ಕಥೆ. ಕಬ್ಬಿಣ ಎಷ್ಟಿದೆ ಎಂದು ಅಳೆಯಲು ಫೆರಸ್ ದ್ರಾವಣಕ್ಕೆ ಬ್ಯುರೆಟ್‌ನಿಂದ ಪರ್ಮ್ಯಾಂಗನೇಟ್ ಹನಿಹನಿಯಾಗಿ ಬೀಳುತ್ತದೆ. ನೇರಳೆ ಬಣ್ಣ ಬಿದ್ದಲ್ಲೇ ಮಾಯ. ಕೊನೆಗೊಂದು ಹನಿಗೆ ತಿಳಿ ಗುಲಾಬಿ ಉಳಿಯುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಆಮೇಲೆ ವೈವಾದಲ್ಲಿ ಪ್ರಶ್ನೆ: ಗಂಧಕಾಮ್ಲವನ್ನೇ ಯಾಕೆ ಹಾಕಿದಿರಿ, ಹೈಡ್ರೋಕ್ಲೋರಿಕ್ ಆಮ್ಲ ಯಾಕೆ ಬೇಡ? ಅದನ್ನು ಹಾಕಿದರೆ ಪರ್ಮ್ಯಾಂಗನೇಟ್ ಅದರ ಕ್ಲೋರೈಡನ್ನೂ ಕ್ಲೋರಿನ್ ಮಾಡುತ್ತದೆ. ಹನಿ ಹೆಚ್ಚು ಖರ್ಚಾಗಿ, ಇರುವುದಕ್ಕಿಂತ ಜಾಸ್ತಿ ಕಬ್ಬಿಣ ತೋರಿಸುತ್ತದೆ. ಅದಿರಿನ ಬೆಲೆ ಕಬ್ಬಿಣದ ಅಂಶದ ಮೇಲೆ ನಿಲ್ಲುವ ಈ ಸೀಮೆಯಲ್ಲಿ ಇಂಥ ತಪ್ಪು ಬರೀ ಅಂಕದ ಮಾತಲ್ಲ.

ಹಾಗಾದರೆ ಓದುವುದು ಹೇಗೆ? 2006ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನೋವಿಜ್ಞಾನಿಗಳು ಒಂದು ಪ್ರಯೋಗ ಪ್ರಕಟಿಸಿದರು. ಕೆಲವರು ಪಾಠವನ್ನು ಮತ್ತೆ ಮತ್ತೆ ಓದಿದರು. ಕೆಲವರು ಓದಿ, ಮುಚ್ಚಿಟ್ಟು, ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದು. ವಾರ ಕಳೆದಾಗ ಬರೆದವರಿಗೇ ಹೆಚ್ಚು ನೆನಪಿತ್ತು. ಕಣ್ಣಿಗೆ ಪರಿಚಯವಾದದ್ದೆಲ್ಲ ಕೈಗೆ ಬರುವುದಿಲ್ಲ.

ಆದ್ದರಿಂದ ಪುಸ್ತಕ ಮುಚ್ಚಿ ಬರೆಯಿರಿ, ಪ್ರತಿ ಹೆಜ್ಜೆಗೂ ‘ಯಾಕೆ’ ಎಂದು ಕೇಳಿಕೊಳ್ಳಿ. ಇವತ್ತೇ ಶುರುಮಾಡಿ: ಮ್ಯಾಗ್ನೆಟೈಟ್ ಎಂಬ ಇನ್ನೊಂದು ಅದಿರಿನಲ್ಲಿ ಮೂರು ಕಬ್ಬಿಣ, ನಾಲ್ಕು ಆಮ್ಲಜನಕ. ಕಬ್ಬಿಣ ಶೇಕಡಾ ಎಷ್ಟು? ಉತ್ತರ 72ಕ್ಕಿಂತ ತುಸು ಮೇಲೆ ಬರಬೇಕು. ಬಾರದಿದ್ದರೆ ಎಲ್ಲಿ ತಪ್ಪಿತೆಂದು ಹುಡುಕಿ. ಪರೀಕ್ಷೆಯ ತಯಾರಿ ಅಂದರೆ ಆ ಹುಡುಕಾಟವೇ.